ಹತ್ತು ಅಂಕಿಗಳ ಹಾಜರಿ

ಫೋನ್ ನಂಬರನ್ನು ನಮ್ಮ ಜನ ಒಂದೇ ರೀತಿ ಬರೆಯುವುದಿಲ್ಲ. ಒಬ್ಬರು ಮೊದಲಿಗೆ ಸೊನ್ನೆ ಹಾಕುತ್ತಾರೆ, ಇನ್ನೊಬ್ಬರು 91 ಹಾಕುತ್ತಾರೆ, ಮತ್ತೊಬ್ಬರು ಐದು ಅಂಕಿ ಬರೆದು ಉಸಿರು ಬಿಟ್ಟು ಉಳಿದೈದು ಬರೆಯುತ್ತಾರೆ. ಹೆತ್ತವರ ನಂಬರು ಬರೆದಿಟ್ಟುಕೊಳ್ಳುವ ನಮ್ಮಂಥ ಟೀಚರುಗಳಿಗೆ ಇದು ಹೊಸದಲ್ಲ. ತರಗತಿಯಲ್ಲಿ ಮಗುವಿಗೆ ಜ್ವರ ಬಂದ ದಿನ ಒಂದು ಅಂಕಿ ತಪ್ಪಿದ್ದರೂ ಕೆಲಸ ಕೆಟ್ಟಂತೆ. ಆದ್ದರಿಂದ ನಂಬರನ್ನು ಒಪ್ಪವಾಗಿ ಬರೆಯುವುದರ ಮೇಲೆ ನನಗೇನೂ ಸಿಟ್ಟಿಲ್ಲ. ಆ ಒಪ್ಪ ಯಾರ ಸಲುವಾಗಿ ಎಂಬುದೇ ನನ್ನ ತಕರಾರು.

ವೆಬ್‌ಸೈಟಿನಲ್ಲಿ ವ್ಯಾಪಾರ ಮಾಡುವವರಿಗೆ ಈ ಒಪ್ಪಗೊಳಿಸುವ ಕೆಲಸ ಈಗ ಒಂದು ವಿದ್ಯೆಯೇ ಆಗಿದೆ. ನೀವು ಸೀರೆ ತರಿಸಲು ನಂಬರು ಕೊಡುತ್ತೀರಿ. ಕಂಪ್ಯೂಟರು ನಡುವಿನ ಜಾಗ, ಅಡ್ಡಗೆರೆ, ಮೊದಲಿನ ಸೊನ್ನೆ ಎಲ್ಲ ಕಿತ್ತುಹಾಕಿ ದೇಶದ ಸಂಖ್ಯೆ 91 ಸೇರಿಸುತ್ತದೆ. ಇದಕ್ಕೆ ಇ.164 ಎಂಬ ಅಂತಾರಾಷ್ಟ್ರೀಯ ಕ್ರಮವಿದೆ. ದೇಶದ ಸಂಖ್ಯೆಯೂ ಸೇರಿ 15 ಅಂಕಿ ಮೀರುವಂತಿಲ್ಲ. ದೇಶದಿಂದ ದೇಶಕ್ಕೆ ಕರೆ ಸರಿಯಾಗಿ ತಲುಪಲೆಂದು ಮಾಡಿದ ಕ್ರಮ ಅದು. ಈಗ ಜಾಹೀರಾತಿನ ಸೇವೆಗೂ ನಿಂತಿದೆ.

ಹೇಗೆಂದು ಕೇಳಿ. ಒಪ್ಪಗೊಳಿಸಿದ ನಂಬರನ್ನು ಎಸ್‌ಎಚ್‌ಎ-256 ಎಂಬ ಗಣಿತದ ಗಿರಣಿಗೆ ಹಾಕಿದರೆ 64 ಅಕ್ಷರಗಳ ಒಂದು ಗುರುತು ಹೊರಬರುತ್ತದೆ. ಅದನ್ನು ಹ್ಯಾಶ್ ಎನ್ನುತ್ತಾರೆ. ಒಂದು ಸೊನ್ನೆ ಹೆಚ್ಚಾದರೂ ಗುರುತು ಪೂರಾ ಬೇರೆ. ಅದಕ್ಕೇ ಒಪ್ಪದ ಮೇಲೆ ಅಷ್ಟು ಕಾಳಜಿ. ಈ ಗುರುತು ಗೂಗಲ್, ಮೆಟಾದಂಥ ಕಂಪನಿಗಳಿಗೆ ಹೋಗುತ್ತದೆ. ಅಲ್ಲಿ ನಿಮ್ಮ ಖಾತೆಯಲ್ಲಿರುವ ನಂಬರಿನಿಂದಲೂ ಅದೇ ಗುರುತು ಬರುತ್ತದೆ. ಎರಡೂ ಹೊಂದಿದವೋ, ಜಾಹೀರಾತು ನೋಡಿದವಳೂ ಸೀರೆ ಕೊಂಡವಳೂ ಒಬ್ಬಳೇ ಎಂದು ಲೆಕ್ಕ ಸಿಕ್ಕಿತು.

"ನಂಬರನ್ನು ನಾವು ಕೊಡುವುದೇ ಇಲ್ಲವಲ್ಲ, ಗುರುತನ್ನು ಮಾತ್ರ ಕೊಡುತ್ತೇವೆ" ಎನ್ನುವುದು ಅವರ ಸಮಾಧಾನ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು. ನಮ್ಮ ಮೊಬೈಲ್ ನಂಬರು ಹತ್ತು ಅಂಕಿಯದು, ಮೊದಲ ಅಂಕಿ 6ರಿಂದ 9ರೊಳಗೆ. ಏಳನೇ ತರಗತಿಯ ಮಗುವೂ ಲೆಕ್ಕ ಹಾಕಬಲ್ಲುದು: ಹೆಚ್ಚೆಂದರೆ 400 ಕೋಟಿ ನಂಬರು. ಅಷ್ಟಕ್ಕೂ ಗುರುತು ಮಾಡಿ ಹೋಲಿಸಿ ನೋಡುವುದು ಇಂದಿನ ಕಂಪ್ಯೂಟರಿಗೆ ದೊಡ್ಡ ಕೆಲಸವೇ ಅಲ್ಲ. ಹ್ಯಾಶ್ ಮಾಡಿದ ಮಾತ್ರಕ್ಕೆ ಮಾಹಿತಿ ಅನಾಮಿಕವಾಗುವುದಿಲ್ಲ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಸಿಬ್ಬಂದಿಯೇ 2024ರ ಜುಲೈನಲ್ಲಿ ಬರೆದರು. ಅದೂ ಇರಲಿ. ಗುರುತು ನನ್ನನ್ನು ತೋರಿಸದಿದ್ದರೆ ಅದನ್ನು ಕಳಿಸುವುದಾದರೂ ಏತಕ್ಕೆ?

ಒಂದು ಮಾತು ಯೋಚಿಸಿ. ನನ್ನ ಬಳಿಯಿರುವ ಹೆತ್ತವರ ನಂಬರುಗಳಿಗೆಲ್ಲ ಹೀಗೆ ಗುಪ್ತಲಿಪಿ ಮಾಡಿ, ಅದೇ ಊರಿನ ನಂಬರುಗಳನ್ನು ಇಟ್ಟುಕೊಂಡ ಟ್ಯೂಷನ್ ಸೆಂಟರಿಗೆ ಕೊಡುತ್ತೇನೆ ಎನ್ನಿ. ಗಣಿತದಲ್ಲಿ ಹಿಂದುಳಿದ ಮಕ್ಕಳ ಮನೆಗೆ ಮಾತ್ರ ಅವರ ಕರಪತ್ರ ಹೋಗುತ್ತದೆ. "ನಾನು ನಂಬರು ಕೊಡಲಿಲ್ಲ, ಗುರುತು ಕೊಟ್ಟೆ" ಎಂದರೆ ಯಾವ ತಾಯಿ ಸುಮ್ಮನಿದ್ದಾಳು? ಜ್ವರ ಬಂದರೆ ತಿಳಿಸಲೆಂದು ಕೊಟ್ಟ ನಂಬರದು. ಟೀಚರು ಮಾಡಿದರೆ ನಂಬಿಕೆದ್ರೋಹ, ಅಂಗಡಿ ಮಾಡಿದರೆ ಜಾಣ್ಮೆ. ಇದೆಂಥ ನ್ಯಾಯ?

ಒಂದು ನಂಬರು ಎಂದರೆ ಒಬ್ಬ ಗಿರಾಕಿ ಎಂಬ ಅವರ ಲೆಕ್ಕವೂ ನಮ್ಮ ಮನೆಗಳಿಗೆ ಹೊಂದುವುದಿಲ್ಲ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಒಂದೇ ಫೋನು ಅತ್ತೆ, ಸೊಸೆ, ಮಕ್ಕಳೆಲ್ಲರ ಕೈಯಲ್ಲೂ ಇರುತ್ತದೆ. ಸೊಸೆ ಗುಟ್ಟಾಗಿ ತರಿಸಿದ ಔಷಧಿಯ ಜಾಹೀರಾತು ಅತ್ತೆಯ ಕಣ್ಣಿಗೆ ಬಿದ್ದರೆ ಮಾತು ಕೇಳಬೇಕಾದವಳು ಸೊಸೆ, ಕಂಪನಿಯಲ್ಲ.

ಹಣ ಸುರಿದವನಿಗೆ ಅದು ಎಲ್ಲಿ ಹೋಯಿತೆಂದು ತಿಳಿಯಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಹೊಳೆಗೆ ಸುರಿದರೂ ಅಳೆದು ಸುರಿ ಎಂದವರು ನಮ್ಮ ಹಿರಿಯರೇ. ಆದರೆ ಅಳೆಯುವುದಕ್ಕೆ ನಮ್ಮ ಮನೆಯ ಸೇರು ಬೇಕಿದ್ದರೆ ಬಾಗಿಲಲ್ಲಿ ನಿಂತು ಕೇಳಬೇಕು, ಹಿತ್ತಿಲಿಂದ ಬಂದು ಎತ್ತಿಕೊಂಡು ಹೋಗುವುದಲ್ಲ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದ, 2017ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದಿತು. ಬಿಲ್ಲಿಗಾಗಿ ಗಿರಾಕಿಯ ನಂಬರಿಗೆ ಒತ್ತಾಯ ಮಾಡಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ತಿಳಿಸಿತು. ಅದೇ ವರ್ಷ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಒಪ್ಪಿಗೆ ಎಂದರೆ ಒತ್ತಾಯವಿಲ್ಲದೆ, ನಿರ್ದಿಷ್ಟ ಉದ್ದೇಶಕ್ಕೆ, ತಿಳಿದು ಕೊಟ್ಟದ್ದು ಎನ್ನುತ್ತದೆ. ಸೀರೆ ತಲುಪಿಸಲು ಕೊಟ್ಟ ಒಪ್ಪಿಗೆ ಸೀರೆ ಮನೆ ಸೇರಿದ ಕೂಡಲೇ ಮುಗಿಯಿತು.

ನಾನು ಕೇಳುವುದು ಹೆಚ್ಚೇನಲ್ಲ. ವೆಬ್‌ಸೈಟಿನಲ್ಲಿ ಎರಡು ಪ್ರಶ್ನೆ ಬೇರೆಬೇರೆಯಾಗಿರಲಿ, ಕನ್ನಡದಲ್ಲಿರಲಿ. ಸಾಮಾನು ತಲುಪಿಸಲು ನಂಬರು ಕೊಡುತ್ತೀರಾ? ಜಾಹೀರಾತಿನ ಕಂಪನಿಗೆ ಅದನ್ನು ಕಳಿಸಬಹುದೇ? ಎರಡನೆಯದಕ್ಕೆ ಬೇಡ ಎಂದವರಿಗೂ ಸಾಮಾನು ಸಿಗಬೇಕು. ಒಂದು ಸೊನ್ನೆ ಹೆಚ್ಚಾಗದಂತೆ ಇಷ್ಟು ಜತನ ಮಾಡುವವರಿಗೆ ಒಂದು ಪ್ರಶ್ನೆ ಹೆಚ್ಚಾಗಿ ಕೇಳುವುದು ಭಾರವಾಗಬಾರದು.