ಮೊದಲ ಅಧ್ಯಾಯ 2013 ಅಲ್ಲ

ಬೆಂಗಳೂರು ಎಫ್‌ಸಿ ತಂಡದ ಸ್ಮರಣೀಯ ವರ್ಷಗಳನ್ನು ಕುರಿತು ಕನ್ನಡದಲ್ಲಿ ಒಂದು ಪುಸ್ತಕ ಬರಬೇಕೆಂಬ ಮಾತು ಗಿಂಡಿಯ ನಮ್ಮ ಓದುಗರ ಕೂಟದಲ್ಲಿ ಕೆಲವು ತಿಂಗಳಿಂದ ನಡೆದಿದೆ. ನೋವಿ ಕಪಾಡಿಯಾ ಅವರ ‘ಬೇರ್‌ಫುಟ್ ಟು ಬೂಟ್ಸ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಒಟ್ಟಾಗಿ ಓದಿದ ಮೇಲೆ ಈ ಮಾತಿಗೆ ಕಾವೇರಿತು. ಪುಸ್ತಕ ಬೇಕೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರಿರುವುದು ಪರಿವಿಡಿಯ ಬಗ್ಗೆ. ಗೆಳೆಯರು ಸಿದ್ಧಪಡಿಸಿದ ಕರಡಿನಲ್ಲಿ ಮೊದಲ ಅಧ್ಯಾಯ 2013ರ ಜುಲೈ ತಿಂಗಳಿಂದ, ಅಂದರೆ ತಂಡದ ಸ್ಥಾಪನೆಯಿಂದ ತೊಡಗುತ್ತದೆ. ನಾವು ಕೆಲವರು ಆ ಕರಡನ್ನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇವೆ.

ಆ ವರ್ಷಗಳ ಸೊಗಸನ್ನು ನಾವೇನೂ ಅಲ್ಲಗಳೆಯುತ್ತಿಲ್ಲ. ಕಾಲಿಟ್ಟ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದ ತಂಡವದು. 2016ರ ನವೆಂಬರಿನಲ್ಲಿ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿದಾಗ ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಏರದ ಮೆಟ್ಟಿಲನ್ನು ಏರಿತ್ತು; ಇರಾಕಿನ ತಂಡದೆದುರು ಒಂದೇ ಗೋಲಿನಿಂದ ಸೋತಿತು. 2018ರ ಮಾರ್ಚ್ 17ರಂದು ಕಂಠೀರವದ ತುಂಬಿದ ಗ್ಯಾಲರಿಗಳ ನಡುವೆ ಐಎಸ್‌ಎಲ್ ಫೈನಲನ್ನು ಚೆನ್ನೈಯಿನ್ ತಂಡಕ್ಕೆ 3–2ರಿಂದ ಬಿಟ್ಟುಕೊಟ್ಟದ್ದನ್ನು ಚೆನ್ನೈಯಲ್ಲಿರುವ ನಮಗೆ ಯಾರೂ ನೆನಪಿಸಬೇಕಾಗಿಲ್ಲ. ನೆರೆಹೊರೆಯವರೂ ಸಹೋದ್ಯೋಗಿಗಳೂ ವರ್ಷವಿಡೀ ಆ ಕೆಲಸ ಮಾಡಿದರು. ಸರಿಯಾಗಿ ಒಂದು ವರ್ಷ ಕಳೆದು, ಅದೇ ತಾರೀಕಿನಂದು, ಮುಂಬಯಿಯಲ್ಲಿ ಹೆಚ್ಚುವರಿ ಸಮಯ ಮುಗಿಯುತ್ತ ಬಂದಾಗ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಗೋವಾವನ್ನು ಮಣಿಸಿ ಪ್ರಶಸ್ತಿ ತಂದಿತು. ಇವೆಲ್ಲ ಪುಸ್ತಕದಲ್ಲಿ ಬರಲಿ, ವಿಸ್ತಾರವಾಗಿಯೇ ಬರಲಿ.

ಆದರೆ ಇದಕ್ಕೆ ಮೊದಲು ಬೆಂಗಳೂರಿನಲ್ಲಿ ಫುಟ್‌ಬಾಲ್ ಎಂಬುದೇ ಇರಲಿಲ್ಲ ಎಂಬಂತೆ, ಒಂದು ಉಕ್ಕಿನ ಕಂಪನಿ ಬಂದು ಬಂಜರು ನೆಲದಲ್ಲಿ ಹುಲ್ಲು ಬೆಳೆಸಿತು ಎಂಬಂತೆ ಬರೆಯುವುದು ಅಜ್ಞಾನ. ತಿಳಿದೂ ಹಾಗೆ ಬರೆದರೆ ಅದು ಅನ್ಯಾಯ.

ಬೊಂಬಾಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾಯಿತು. ನಾಲ್ಕೂವರೆ ದಶಕ ಅದನ್ನು ಬ್ರಿಟಿಷ್ ಪಡೆಗಳ ತಂಡಗಳೇ ಹೊತ್ತೊಯ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡದ ಹೆಸರು ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಮತ್ತೊಮ್ಮೆ ಗೆದ್ದಿತು. ಮೋಹನ್ ಬಾಗಾನ್ ತಂಡ 1911ರಲ್ಲಿ ಗಳಿಸಿದ ಶೀಲ್ಡಿನ ಕಥೆ ಬಂಗಾಳದ ಮಕ್ಕಳಿಗೆ ಗೊತ್ತು; ಬೆಂಗಳೂರು ಮುಸ್ಲಿಮ್ಸ್ ತಂಡದ ಹೆಸರನ್ನು ನಮ್ಮ ಕೂಟದಲ್ಲಿ ಕೇಳಿದ್ದವರು ಇಬ್ಬರೇ. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತು: 1946–47, 1952–53, ಮತ್ತೆ 1967–68, 1968–69. ಆ ಬಳಿಕ ರಾಜ್ಯದ ಹೆಸರೇ ಬದಲಾಯಿತು. ಕರ್ನಾಟಕ ಎಂಬ ಹೆಸರಿನಲ್ಲಿ ಆ ಟ್ರೋಫಿ ಕೈಸೇರಿದ್ದು 2023ರ ಮಾರ್ಚಿನಲ್ಲಿ, ರಿಯಾದ್‌ನಲ್ಲಿ, ಮೇಘಾಲಯದ ವಿರುದ್ಧ.

ಸ್ವತಂತ್ರ ಭಾರತ ಒಲಿಂಪಿಕ್ಸ್‌ನಲ್ಲಿ ಹೊಡೆದ ಮೊದಲ ಗೋಲು ಯಾರದು? 1948ರ ಜುಲೈ 31ರಂದು ಲಂಡನ್ ಬಳಿಯ ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ಎದುರು ನಮ್ಮ ಹೆಚ್ಚಿನ ಆಟಗಾರರು ಬರಿಗಾಲಲ್ಲಿ ಆಡಿದರು. ಎರಡು ಪೆನಾಲ್ಟಿಗಳು ಕೈತಪ್ಪಿದವು. ಕೊನೆಗಳಿಗೆಯ ಗೋಲಿನಿಂದ ಪಂದ್ಯ 2–1ಕ್ಕೆ ಹೋಯಿತು. ನಮ್ಮ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಕಲ್ಕತ್ತದವರು ಈಸ್ಟ್ ಬೆಂಗಾಲ್ ತಂಡದ ಐವರು ಮುಂಚೂಣಿ ಆಟಗಾರರನ್ನು ಪಂಚಪಾಂಡವರೆಂದು ಕರೆದಾಗ ಅವರಲ್ಲೊಬ್ಬರು ಈ ಅಹ್ಮದ್ ಖಾನ್. 1951ರ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲಿಯೂ ಅವರಿದ್ದರು. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅಷ್ಟು ಹೊತ್ತಿಗೆ ಕಂಠೀರವದಲ್ಲಿ ನೀಲಿ ಬಾವುಟಗಳು ಹಾರಾಡತೊಡಗಿದ್ದವು.

ಇಷ್ಟೆಲ್ಲ ಇದ್ದೂ ಕನ್ನಡದ ನೆನಪಿನಲ್ಲಿ ಇವರಿಗೆ ಜಾಗ ಸಿಗದಿರಲು ಕಾರಣವನ್ನು ಸುತ್ತುಬಳಸಿ ಹೇಳುವ ಅಗತ್ಯವಿಲ್ಲ. ಕನ್ನಡ ಸಾಹಿತ್ಯ ಬೆಂಗಳೂರನ್ನು ಬಹುಕಾಲ ಪೇಟೆಯ ಕಡೆಯಿಂದ ಕಂಡಿದೆ: ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ. ಫುಟ್‌ಬಾಲ್ ಬೆಳೆದದ್ದು ದಂಡಿನಲ್ಲಿ. 1809ರಲ್ಲಿ ನೆಲೆಗೊಂಡ ದಂಡುಪ್ರದೇಶ ಮೈಸೂರಿನ ಆಡಳಿತಕ್ಕೆ ಮರಳಿದ್ದು 1947ರಲ್ಲಿ, ಎರಡು ನಗರಗಳು ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಕಡತದಲ್ಲಿ ಒಂದಾದ ಊರು ನಮ್ಮ ಪುಸ್ತಕಗಳಲ್ಲಿ ಇನ್ನೂ ಒಂದಾಗಿಲ್ಲ. ಆಸ್ಟಿನ್ ಟೌನ್, ಹಲಸೂರಿನ ಗೌತಮಪುರ, ಶಿವಾಜಿನಗರದ ಗಲ್ಲಿಗಳ ಆಟಗಾರರು ಮನೆಯಲ್ಲಿ ತಮಿಳನ್ನೋ ಉರ್ದುವನ್ನೋ ಆಡುತ್ತಿದ್ದರು. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಜೊತೆಗೆ ಪೆಲೆಯ ಪ್ರತಿಮೆಯೂ ನಿಂತಿದೆ. ಆ ನಾಲ್ವರನ್ನು ಒಂದೆಡೆ ನಿಲ್ಲಿಸಿದ ಜನರಿಗೆ ಒಂದು ಇತಿಹಾಸವಿರಬೇಕಷ್ಟೆ. ಅದನ್ನು ಕೇಳಲು ಪೇಟೆಯಿಂದ ಯಾರು ಹೋದರು?

ಕೂಟದಲ್ಲಿ ಒಬ್ಬ ಹಿರಿಯರು ಮೆಲುದನಿಯಲ್ಲಿ ಎತ್ತಿದ ಆಕ್ಷೇಪವನ್ನು ಇಲ್ಲಿ ಗಟ್ಟಿಯಾಗಿಯೇ ಬರೆಯುತ್ತೇವೆ: “ಅವರೆಲ್ಲ ಪ್ರತಿಭಾವಂತರು ನಿಜ, ಆದರೆ ಕನ್ನಡದವರಲ್ಲವಲ್ಲ.” ಈ ಮಾತನ್ನು ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಯಾರಾದರೂ ಆಡಿದ್ದರೆ ಅರ್ಥಮಾಡಿಕೊಳ್ಳಬಹುದಿತ್ತು. ಗಿಂಡಿಯಲ್ಲಿ ಕುಳಿತು ಆಡುವುದೇ? ಮೂರು ತಲೆಮಾರು ಈ ನಗರದಲ್ಲಿ ಬಾಳಿ, ಇಲ್ಲಿಯ ಶಾಲೆಗಳಲ್ಲಿ ತಮಿಳು ಕಲಿತು, ಇಲ್ಲಿಯ ಕಾರ್ಖಾನೆಗಳಲ್ಲಿ ದುಡಿದ ಮೇಲೂ “ನಿಮ್ಮ ಊರು ಯಾವುದು” ಎಂಬ ಪ್ರಶ್ನೆಗೆ ಸಣ್ಣಗೆ ನೋಯುವವರು ನಾವು. 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನ ತಮಿಳರ ಮನೆಗಳ ಮೇಲೆ ದಾಳಿ ನಡೆದಾಗ, 2016ರ ಸೆಪ್ಟೆಂಬರಿನಲ್ಲಿ ಅಲ್ಲಿ ಬಸ್ಸುಗಳು ಉರಿದು ಇಲ್ಲಿ ಕನ್ನಡಿಗರ ಹೋಟೆಲಿಗೆ ಪೆಟ್ಟು ಬಿದ್ದಾಗ, ಮನೆಮಾತಿನಿಂದ ಮನುಷ್ಯನ ಊರನ್ನು ನಿರ್ಧರಿಸುವ ಲೆಕ್ಕಾಚಾರ ಎಲ್ಲಿಗೆ ಮುಟ್ಟುತ್ತದೆಂದು ಎರಡೂ ಕಡೆಯಿಂದ ಕಂಡಿದ್ದೇವೆ. ಚೆನ್ನೈ ನಮ್ಮನ್ನು ತನ್ನವರೆಂದು ಎಣಿಸಲಿ ಎಂದು ಬಯಸುವ ನಾವು ರಾಮನ್ ಮತ್ತು ಅಹ್ಮದ್ ಖಾನ್ ಅವರನ್ನು ಕನ್ನಡ ನಾಡಿನ ಲೆಕ್ಕದಿಂದ ಹೊರಗಿಡಲಾಗದು.

ಇನ್ನೊಂದು ವಿಚಿತ್ರವನ್ನು ನೋಡಿ. ಸಿಕಂದರಾಬಾದಿನಲ್ಲಿ ಹುಟ್ಟಿದ ಸುನಿಲ್ ಛೆಟ್ರಿಯ ಮನೆಮಾತು ಯಾವುದೆಂದು ನಮ್ಮ ಅಭಿಮಾನಿ ಗೆಳೆಯರು ಎಂದೂ ಕೇಳಿದವರಲ್ಲ. ದೋಹಾ ಫೈನಲಿಗೆ ತಂಡವನ್ನು ಮುಟ್ಟಿಸಿದ ಮೇಘಾಲಯದ ಯುಜೆನ್‌ಸನ್ ಲಿಂಗ್ಡೋ, ಕೇರಳದ ಸಿ.ಕೆ. ವಿನೀತ್ ಇವರೆಲ್ಲ ಒಂದೇ ಋತುವಿನಲ್ಲಿ “ನಮ್ಮ ಹುಡುಗರು” ಆದರು. ಒಳ್ಳೆಯದೇ. ಸಂಬಳಕ್ಕೆ ಬಂದವರಿಗೆ ದೊರೆತ ಈ ಔದಾರ್ಯ ಇಲ್ಲಿಯೇ ಹುಟ್ಟಿ ಇಲ್ಲಿಯೇ ಮಣ್ಣಾದವರಿಗೆ ಏಕಿಲ್ಲ? ಹೊಸ ತಂಡಕ್ಕೆ ಟಿಕೆಟ್ ಇದೆ, ಟಿವಿ ಇದೆ, ಅಂಗಿಯ ಮೇಲೆ ಮುದ್ರೆಯಿದೆ. ಹಳೆಯವರಿಗೆ ಅವು ಯಾವುವೂ ಇರಲಿಲ್ಲ ಎಂಬುದಕ್ಕಿಂತ ಬೇರೆ ಉತ್ತರ ನಮಗೆ ತೋರುತ್ತಿಲ್ಲ.

ಫುಟ್‌ಬಾಲನ್ನು ಯಾರು ಓದುತ್ತಾರೆ ಎಂಬ ಪ್ರಶ್ನೆಯೂ ಬಂತು. ಬಂಗಾಳಿಯಲ್ಲಿ ಮತಿ ನಂದಿ ‘ಸ್ಟ್ರೈಕರ್’, ‘ಸ್ಟಾಪರ್’ ಎಂಬ ಕಾದಂಬರಿಗಳನ್ನೇ ಬರೆದರು, ಮಲಯಾಳದಲ್ಲಿ ಎನ್.ಎಸ್. ಮಾಧವನ್ ಕೊಲಂಬಿಯಾದ ಗೋಲಿಯ ಹೆಸರನ್ನಿಟ್ಟು ಬರೆದ ‘ಹಿಗ್ವಿಟ’ ಅಲ್ಲಿಯ ಸಣ್ಣಕಥೆಯ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ಓದುಗರು ಮೊದಲು ಬಂದು ಸಾಲಾಗಿ ನಿಂತು ಬಳಿಕ ಪುಸ್ತಕ ಹುಟ್ಟಿದ ಉದಾಹರಣೆ ಯಾವ ಭಾಷೆಯಲ್ಲಿದೆ?

ಹೆಚ್ಚು ತೂಕದ ಆಕ್ಷೇಪ ಬೇರೊಂದಿದೆ. 2013ರ ಕ್ಲಬ್ಬಿಗೂ 1937ರ ತಂಡಕ್ಕೂ ರಕ್ತಸಂಬಂಧವಿಲ್ಲ. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದರೆ ಕಂಪನಿಗೆ ಪುಕ್ಕಟೆಯಾಗಿ ಪರಂಪರೆಯೊಂದನ್ನು ದಾನಮಾಡಿದಂತೆ ಆಗುತ್ತದೆ. ಇದನ್ನು ನಾವು ಒಪ್ಪುತ್ತೇವೆ. ಆದ್ದರಿಂದಲೇ ಮೊದಲ ಅಧ್ಯಾಯ ಹಳೆಯವರನ್ನು ಹೊಸ ಕ್ಲಬ್ಬಿನ ಪೂರ್ವಜರೆಂದು ಬಿಂಬಿಸಕೂಡದು. ನಡುವೆ ಕಡಿದುಹೋದದ್ದನ್ನು ಕಡಿದುಹೋಯಿತೆಂದೇ ಬರೆಯಬೇಕು. ಐಟಿಐ, ಎಚ್‌ಎಎಲ್, ಬಿಇಎಂಎಲ್‌ನಂಥ ಸಾರ್ವಜನಿಕ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟುತ್ತಿದ್ದ ಕಾಲ ಹೇಗೆ ಸೊರಗಿತು, ಆ ನೌಕರಿ ಇಲ್ಲವಾದ ಮೇಲೆ ದಂಡಿನ ಗಲ್ಲಿಯ ಹುಡುಗರು ಯಾವ ದಾರಿ ಹಿಡಿದರು ಎಂಬುದು ನಮ್ಮ ಮಟ್ಟಿಗೆ ಇಡೀ ಪುಸ್ತಕದಲ್ಲಿಯೇ ಮುಖ್ಯವಾದ ಭಾಗ. ಗೆಲುವಿನ ಪಟ್ಟಿ ಯಾರಿಗಾದರೂ ಸಿಗುತ್ತದೆ. ಇದು ಕೇಳಿದವರಿಗೆ ಮಾತ್ರ ಸಿಗುವ ವಿವರ.

ಕೇಳುವುದಕ್ಕೆ ಭಾಷೆ ಬೇಕು. ಗೌತಮಪುರದ, ಆಸ್ಟಿನ್ ಟೌನಿನ ಹಿರಿಯರು ನೆನಪು ಬಿಚ್ಚುವುದು ತಮಿಳಿನಲ್ಲಿ. ತಮಿಳಿನಲ್ಲಿ ಕೇಳಿ ಕನ್ನಡದಲ್ಲಿ ಬರೆಯಬಲ್ಲವರು ಬೆಂಗಳೂರಿನ ಸಾಹಿತ್ಯವಲಯದಲ್ಲಿ ಎಷ್ಟು ಮಂದಿಯೋ ಕಾಣೆವು, ನಮ್ಮ ಕೂಟದಲ್ಲಂತೂ ಎಲ್ಲರೂ ಅಂಥವರೇ. ಹಳೆಯ ಪತ್ರಿಕೆಗಳನ್ನು ತಿರುವಿ ಹಾಕಲು ಎಗ್ಮೋರಿನ ಕನ್ನಿಮರಾ ಗ್ರಂಥಾಲಯವಿದೆ. ತಮಿಳಿನ ಹಳೆಯ ಅಚ್ಚಿನ ದೊಡ್ಡ ಭಂಡಾರವಾದ ರೋಜಾ ಮುತ್ತಯ್ಯ ಗ್ರಂಥಾಲಯ ತರಮಣಿಯಲ್ಲಿದೆ, ಗಿಂಡಿಯಿಂದ ದೂರವೇನಲ್ಲ. ಉರ್ದುವಿಗೆ ಜೊತೆಗಾರರನ್ನು ಹುಡುಕಬೇಕು. ಕರಡನ್ನು ಗೆಳೆಯರಿಗೆ ಹಿಂದಿರುಗಿಸಿದ್ದೇವೆ. 2013ರ ಜುಲೈ ಈಗ ಅದರಲ್ಲಿ ನಾಲ್ಕನೆಯ ಅಧ್ಯಾಯ; ಮೊದಲ ಮೂರಕ್ಕೆ ಯಾರು ಯಾವಾಗ ಬೆಂಗಳೂರಿಗೆ ಹೋಗುವುದೆಂದು ಮುಂದಿನ ಭಾನುವಾರ ತೀರ್ಮಾನವಾಗಬೇಕು.