ಚೀಟಿ ಓದದೆ ಕೊಳ್ಳುವ ಒಂದೇ ವಸ್ತು



ಈ ಸಲದ ವಿಷಯ ಬರೆಯಬೇಕೋ ಬೇಡವೋ ಎಂದು ಎರಡು ತಿಂಗಳು ತಡೆದೆ. ಆದರೆ ನಮ್ಮ ಮನೆಗಳಲ್ಲಿ ಐವತ್ತು ದಾಟಿದ ಎಷ್ಟೋ ಹೆಣ್ಣುಮಕ್ಕಳು ಬಾಯಿಬಿಡದೆ ಸಹಿಸುವ ತ್ರಾಸು ಇದು. ಮುಟ್ಟು ನಿಂತ ಮೇಲೆ ಶರೀರದಲ್ಲಿ ಈಸ್ಟ್ರೋಜನ್ ಕಡಿಮೆಯಾಗಿ ಗುಪ್ತಾಂಗದ ಚರ್ಮ ತೆಳುವಾಗುತ್ತದೆ, ಒಣಗುತ್ತದೆ. ಉರಿ, ತುರಿಕೆ, ಗಂಡಹೆಂಡಿರು ಕೂಡುವಾಗ ನೋವು. ಎದೆಹಾಲು ಕುಡಿಸುವ ಸೊಸೆಯಂದಿರಿಗೂ ಹೀಗಾಗುವುದುಂಟು. ಹೆಂಡತಿ ದೂರ ಸರಿದರೆ ಗಂಡ ಬೇರೆ ಅರ್ಥ ಮಾಡಿಕೊಳ್ಳುತ್ತಾನೆ, ಮನಸ್ಸು ಕೆಡುತ್ತದೆ. ಗೃಹಸ್ಥನಿಗೆ ಸ್ವದಾರ ಸಂತೋಷವನ್ನೇ ವ್ರತವಾಗಿ ಹೇಳಿದ ಧರ್ಮ ನಮ್ಮದು. ಸ್ವಂತ ಹೆಂಡತಿಯ ನೋವನ್ನು ಕೇಳಲು ನಾಚಿಕೆ ಏತಕ್ಕೆ?

ಇದಕ್ಕೆ ಔಷಧಿ ಅಂಗಡಿಯಲ್ಲಿ ಲೂಬ್ರಿಕೆಂಟ್ ಜೆಲ್ಲಿ ಸಿಗುತ್ತದೆ. ಗಿರಾಕಿ ಬಂದು, ಉಳಿದವರು ಹೋಗುವವರೆಗೆ ಬಾಮಿನ ಡಬ್ಬಿ ತಿರುಗಿಸುತ್ತ ನಿಂತು, ಕಡೆಗೆ ಕೈಗೆ ಸಿಕ್ಕಿದ್ದನ್ನು ಕಿಸೆಗೆ ಹಾಕಿಕೊಂಡು ಹೋಗುತ್ತಾನೆ. ಒಂದು ಕಿಲೋ ತೊಗರಿಬೇಳೆಯನ್ನು ಅಂಗೈಯಲ್ಲಿ ಹಾಕಿ ಊದಿ ನೋಡುವ ನಮ್ಮ ಜನ ಇದರ ಚೀಟಿ ಮಾತ್ರ ಓದುವುದಿಲ್ಲ!

ಚರ್ಮ ನಾಜೂಕಾಗಿದ್ದರೆ ನೀರಿನಿಂದ ತಯಾರಿಸಿದ್ದನ್ನು ಕೇಳಬೇಕು. ಸುವಾಸನೆ, ಬಣ್ಣ, ಬಿಸಿ ಮಾಡುವ ಅಥವಾ ತಂಪು ಕೊಡುವ ಗುಣ ಎಂದು ಬರೆದದ್ದು ಬೇಡ. ಅದರಲ್ಲಿಯ ಮೆಂಥಾಲಿನಂಥ ವಸ್ತುಗಳೇ ಉರಿ ಎಬ್ಬಿಸುತ್ತವೆ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಹೆಚ್ಚಾದರೆ ಚರ್ಮದೊಳಗಿನ ನೀರನ್ನೇ ಹೀರುತ್ತವೆ, ಉಪ್ಪಿನಕಾಯಿಯ ಹೋಳಿನಿಂದ ಉಪ್ಪು ನೀರು ಬಿಡಿಸಿದ ಹಾಗೆ. ಇದನ್ನು ಅಳೆಯುವ ಲೆಕ್ಕಕ್ಕೆ ಆಸ್ಮೊಲ್ಯಾಲಿಟಿ ಎನ್ನುತ್ತಾರೆ. ಅದು 1200 ಮೀರಬಾರದು, 380ರ ಒಳಗಿದ್ದರೆ ಉತ್ತಮ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪಿ.ಎಚ್. 4.5ರ ಆಸುಪಾಸು ಇರಲಿ. ಡಬ್ಬಿಯ ಮೇಲೆ ಈ ಅಂಕಿಗಳಿಲ್ಲದಿದ್ದರೆ ಗ್ಲಿಸರಿನ್ ಇಲ್ಲದ್ದನ್ನು ಆರಿಸಿರಿ.

ಮನೆಯ ಕೊಬ್ಬರಿ ಎಣ್ಣೆ ಸಾಲದೇ ಎನ್ನುವವರಿದ್ದಾರೆ. ನಿರೋಧ್ ಬಳಸುವವರಿಗೆ ಸಲ್ಲದು, ಎಣ್ಣೆಯಿಂದ ರಬ್ಬರು ಹರಿಯುತ್ತದೆ. ವ್ಯಾಸಲೀನನ್ನಂತೂ ಒಳಗೆ ಹಚ್ಚಬಾರದು.

ನಮ್ಮವರು ಇನ್ನೊಂದನ್ನೂ ನೋಡಬೇಕು. ಗ್ಲಿಸರಿನ್ ಸಸ್ಯದ ಎಣ್ಣೆಯಿಂದಲೂ ಬರುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ಬರುತ್ತದೆ, ಹೆಸರು ಒಂದೇ. ಹೈಲುರಾನಿಕ್ ಆಸಿಡ್ಡನ್ನು ಮೊದಲು ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು, ಈಗ ಹೆಚ್ಚಾಗಿ ಬ್ಯಾಕ್ಟೀರಿಯಾ ಹುದುಗಿಸಿ ತೆಗೆಯುತ್ತಾರೆ. (ಅದೂ ಜೀವವಲ್ಲವೇ ಎಂದು ಕೇಳುವವರು ಮುನಿಮಹಾರಾಜರನ್ನು ಕೇಳಲಿ. ಮೊಸರು ತಿನ್ನುವ ನಾನು ಆ ಚರ್ಚೆಗೆ ಇಳಿಯುವುದಿಲ್ಲ.) ಜೇನು, ಜೇನುಮೇಣ ಬೆರೆಸಿದ್ದು ನಮಗೆ ಹೇಗೂ ವರ್ಜ್ಯ. ಪ್ರಾಣಿಜನ್ಯ ವಸ್ತು ಇಲ್ಲವೆಂದು ಸ್ಪಷ್ಟವಾಗಿ ಛಾಪಿಸಿದ್ದನ್ನೇ ಕೊಳ್ಳಿರಿ. ಅಕ್ಷರ ಸಣ್ಣದಿದ್ದರೆ ಮಗಳಿಂದಲೋ ಸೊಸೆಯಿಂದಲೋ ಓದಿಸಿರಿ.

ತಂದ ಕೂಡಲೇ ಬಳಸಬೇಡಿರಿ. ಮುಂಗೈಯ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ ಒಂದು ದಿನ ಬಿಡಿರಿ. ಕೆಂಪಾಗದಿದ್ದರೆ, ತುರಿಸದಿದ್ದರೆ ಮುಂದುವರಿಯಬಹುದು.

ಜೆಲ್ಲಿಯಿಂದ ಗುಣ ಕಾಣದಿದ್ದರೆ ಡಾಕ್ಟರರಲ್ಲಿ ಬೇರೆ ಉಪಾಯಗಳಿವೆ, ಹಚ್ಚುವ ಈಸ್ಟ್ರೋಜನ್ ಮುಲಾಮೂ ಇದೆ. ಸ್ತನ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ಹೇಳಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಿರಿ. ನಮ್ಮ ಅಕ್ಕಲಕೋಟೆ, ಜತ್ತ ಕಡೆ ಮನೆಯಲ್ಲಿ ಕನ್ನಡ, ದವಾಖಾನೆಯಲ್ಲಿ ಮರಾಠಿ. ಇಂಥ ಮಾತು ಮರಾಠಿಯಲ್ಲಿ ಬಾಯಿಗೆ ಬರುವುದಿಲ್ಲ ಎಂದು ತಾಯಂದಿರು ಹಾಗೇ ಮರಳುತ್ತಾರೆ. ‘ಕೋರಡೇಪಣಾ’ ಎಂದರೆ ಸಾಕು, ಡಾಕ್ಟರರಿಗೆ ತಿಳಿಯುತ್ತದೆ.