ಕೆರೆ ಕಾಯುವವರ ಕೈಗೊಂದು ಹಕ್ಕುಪತ್ರ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಧ್ಯಕ್ಷರೂ ಆದ ಮಾನ್ಯ ಮುಖ್ಯಮಂತ್ರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಬೆಂಗಳೂರಿನ ಕೆರೆಗಳು ಒಂದರ ಕೋಡಿ ನೀರು ಇನ್ನೊಂದಕ್ಕೆ ಹರಿಯುವಂತೆ ಸಾಲಾಗಿ ಕಟ್ಟಿದವು. ಏರಿ, ತೂಬು, ರಾಜಕಾಲುವೆ ಎಲ್ಲವೂ ಮಳೆನೀರಿಗಾಗಿ ಆದ ಏರ್ಪಾಡು. ತೂಬು ತೆಗೆದು ಮುಚ್ಚಲು ನೀರುಗಂಟಿ ಇದ್ದ. ಬೇಸಿಗೆಯಲ್ಲಿ ಊರಿನವರು ಹೂಳೆತ್ತುತ್ತಿದ್ದರು. ಅಚ್ಚುಕಟ್ಟಿನ ಗದ್ದೆಗಳು ಬಡಾವಣೆಗಳಾದ ಮೇಲೆ ಆ ಉಸ್ತುವಾರಿ ತಪ್ಪಿತು, ಮಳೆನೀರಿನ ಕಾಲುವೆಗಳಿಗೆ ಕೊಳಚೆ ಇಳಿಯಿತು. 2015ರಲ್ಲಿ ವರ್ತೂರು, ಬೆಳ್ಳಂದೂರು ಕೆರೆಗಳ ನೊರೆ ರಸ್ತೆಗೆ ಹಾರಿತು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು. 2017ರ ಫೆಬ್ರವರಿಯಲ್ಲೊಮ್ಮೆ, 2018ರ ಜನವರಿಯಲ್ಲಿ ಇನ್ನೊಮ್ಮೆ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ನೀರುಗಂಟಿ ಇಲ್ಲವಾದ ಜಾಗದಲ್ಲಿ ಈಗ ನಿಂತಿರುವವರು ಕೆರೆ ಪಕ್ಕದ ನಿವಾಸಿಗಳು.

ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಯ ವಿಸ್ತೀರ್ಣ 13 ಎಕರೆ 25 ಗುಂಟೆ. ಸುತ್ತ ಕಟ್ಟಡಗಳೆದ್ದು ನೀರಿನ ದಾರಿ ಮುಚ್ಚಿ ಅದು ಒಣಗಿಹೋಗಿತ್ತು. ಅಕ್ಕಪಕ್ಕದವರು ಟ್ರಸ್ಟ್ ಕಟ್ಟಿಕೊಂಡು 2011ರಲ್ಲಿ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿಯೊಂದಿಗೆ ನಿರ್ವಹಣೆಯ ಒಪ್ಪಂದ ಮಾಡಿಕೊಂಡರು. ನಗರದಲ್ಲಿ ನಾಗರಿಕ ಗುಂಪಿಗೆ ಸಿಕ್ಕ ಇಂಥ ಒಪ್ಪಂದ ಅದೇ ಮೊದಲು. ಮುಂದೆ ಪಕ್ಕದ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ನೀರು ಕೆರೆಗೆ ಬರತೊಡಗಿತು. ಜಕ್ಕೂರಿನದು ಇನ್ನೊಂದು ಬಗೆ. ಸುಮಾರು 160 ಎಕರೆಯ ಆ ಕೆರೆಗೆ, ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯಕ್ಕೆಂದು ಕಟ್ಟಿದ ಶುದ್ಧೀಕರಣ ಘಟಕದ ನೀರು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಹಾಯ್ದು ಬರುತ್ತದೆ. ನೀರಿನಲ್ಲಿ ಉಳಿದ ಸಾರಜನಕ, ರಂಜಕಗಳನ್ನು ಜೊಂಡು ಒಂದಷ್ಟು ಹೀರಿಕೊಳ್ಳುತ್ತದೆ. ಅದನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಹಾಕದಿದ್ದರೆ ಅಲ್ಲೇ ಕೊಳೆತು, ಹೀರಿದ್ದನ್ನು ನೀರಿಗೇ ಮರಳಿಸುತ್ತದೆ. ಕೊಯ್ಲು ತಪ್ಪಿದ್ದನ್ನು ಮೊದಲು ಕಾಣುವವರೂ ದಂಡೆಯ ಜನವೇ.

ಕೆರೆಯ ನೀರು ದಿನಕ್ಕೊಂದು ಸ್ಥಿತಿಯಲ್ಲಿರುತ್ತದೆ, ಒಂದೇ ದಿನದಲ್ಲೂ ಬದಲಾಗುತ್ತದೆ. ಕೊಳಚೆಯ ಪೋಷಕಾಂಶದಿಂದ ಹಬ್ಬಿದ ಪಾಚಿ ಹಗಲಿನಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದನ್ನೇ ಬಳಸಿಕೊಳ್ಳುತ್ತದೆ. ಹೀಗಾಗಿ ನೀರಿನಲ್ಲಿ ಕರಗಿದ ಆಮ್ಲಜನಕ ಅತಿ ಕಡಿಮೆಯಾಗುವುದು ಬೆಳಗಿನ ಜಾವ. ಮೀನು ಬದುಕುವ ನೀರಿನಲ್ಲಿ ಅದು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಬಿಸಿಲೇರಿದ ಮೇಲೆ ತೆಗೆದ ಮಾದರಿ ಈ ಮಟ್ಟ ದಾಟಿರಬಹುದು. ಅದೇ ದಿನ ನಸುಕಿನಲ್ಲಿ ಮೀನುಗಳು ಉಸಿರಿಗಾಗಿ ಮೇಲೆ ಬಂದು ಬಾಯಿ ತೆರೆಯುತ್ತಿದ್ದದ್ದು ಆ ಮಾದರಿಯ ವರದಿಯಲ್ಲಿ ಇರುವುದಿಲ್ಲ. ಅದನ್ನು ಕಂಡಿರುವವರು ಮೀನುಗಾರರು, ವಾಕಿಂಗ್ ಬಂದ ಹಿರಿಯರು. ಮೊದಲ ಮಳೆಗೆ ಕಾಲುವೆಯ ತಳದಲ್ಲಿ ತಿಂಗಳುಗಟ್ಟಲೆ ಕೂತ ಕೆಸರು ಒಮ್ಮೆಲೇ ಕೆರೆಗೆ ನುಗ್ಗುವುದು, ರಾತ್ರಿ ಹೊತ್ತು ಟ್ಯಾಂಕರುಗಳು ಕೊಳಚೆ ಸುರಿದು ಹೋಗುವುದು ಕೂಡ ಹೀಗೆಯೇ ಮಾದರಿಗೆಂದು ತಿಂಗಳಿಗೊಮ್ಮೆ ಬರುವವರ ಕಣ್ಣಿಗೆ ಬೀಳದ ಸಂಗತಿಗಳು. ವಾರಗಟ್ಟಲೆ ಮಳೆಯಿಲ್ಲದಿದ್ದರೂ ರಾಜಕಾಲುವೆ ತುಂಬಿ ಹರಿಯುತ್ತಿದ್ದರೆ ಅದು ಕೊಳಚೆಯೇ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ದಿನವೂ ನೋಡುವ ಕಣ್ಣು ಸಾಕು. ನಾಗರಿಕ ಗುಂಪುಗಳ ನಿಜವಾದ ಬೆಲೆ ಇರುವುದು ಇಲ್ಲಿ. ಸಸಿ ನೆಡುವುದು, ಕಸ ಹೆಕ್ಕುವುದು ಒಳ್ಳೆಯ ಕೆಲಸಗಳೇ, ಆದರೆ ಅವುಗಳಿಂದ ಒಂದು ಕೊಳಚೆ ಕೊಳವೆಯೂ ಮುಚ್ಚುವುದಿಲ್ಲ.

ಆದರೆ ಇಂಥ ಗುಂಪುಗಳಿಗಿದ್ದ ಒಪ್ಪಂದದ ಆಧಾರವೇ ಅಲುಗಿತು, ಅದಕ್ಕೊಂದು ಹಿನ್ನೆಲೆಯಿದೆ. 2000ದ ದಶಕದಲ್ಲಿ ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡಲಾಯಿತು. ಅದರ ವಿರುದ್ಧ 2008ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೈಕೋರ್ಟಿಗೆ ಹೋಯಿತು. 2020ರಲ್ಲಿ ಹೈಕೋರ್ಟ್, ಕೆರೆಗಳ ವಿಷಯದಲ್ಲಿ ಕಂಪನಿಗಳೊಂದಿಗೆ ಹೊಸ ಒಪ್ಪಂದ ಮಾಡಿಕೊಳ್ಳದಂತೆ ಪಾಲಿಕೆಯನ್ನು ತಡೆಯಿತು. ಸಾರ್ವಜನಿಕ ನೀರು ಖಾಸಗಿ ಕೈ ಸೇರಬಾರದೆಂಬ ಆ ಕಾಳಜಿ ಸರಿಯಾದದ್ದು. ಆದರೆ ಆಮೇಲೆ ನಾಗರಿಕ ಗುಂಪುಗಳ ಒಪ್ಪಂದಗಳೂ ತೂಗುಯ್ಯಾಲೆಯಲ್ಲಿ ಬಿದ್ದವು. ಬೇಲಿ ಹಾಕಿ ಟಿಕೆಟ್ ಮಾರುವ ಕಂಪನಿಯನ್ನೂ ಸಂಬಳವಿಲ್ಲದೆ ಕೆರೆ ಕಾಯುವ ನೆರೆಹೊರೆಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಆದ್ದರಿಂದ ಅಧ್ಯಕ್ಷರ ಮುಂದಿರುವ ಕೋರಿಕೆ ಹಣದ್ದಲ್ಲ, ಕೆರೆಯ ಒಡೆತನದ್ದೂ ಅಲ್ಲ. ದಂಡೆಯ ಗುಂಪಿಗೆ ಲಿಖಿತ ಹಕ್ಕು ಬೇಕು: ಶುದ್ಧೀಕರಣ ಘಟಕದೊಳಗೆ ಹೋಗಿ ನೋಡುವ ಹಕ್ಕು, ನೀರಿನ ಪರೀಕ್ಷೆಯ ಫಲಿತಾಂಶವನ್ನು ಕನ್ನಡದಲ್ಲಿ ಪಡೆಯುವ ಹಕ್ಕು, ಮಾದರಿಯನ್ನು ನಸುಕಿನಲ್ಲಿ ತೆಗೆಯಿರೆಂದು ಕೇಳುವ ಹಕ್ಕು. ದೂರಿಗೆ ಗೊತ್ತುಪಡಿಸಿದ ದಿನಗಳೊಳಗೆ, ಹೊಣೆಗಾರ ಅಧಿಕಾರಿಯ ಸಹಿಯೊಂದಿಗೆ ಉತ್ತರ ಸಿಗಬೇಕು. ಗುಂಪಿನಲ್ಲಿ ಅಪಾರ್ಟ್‌ಮೆಂಟಿನವರಷ್ಟೇ ಅಲ್ಲ, ಮೀನುಗಾರರು, ಹುಲ್ಲು ಕೊಯ್ಯುವವರು, ದನ ಸಾಕಿದವರು, ಹಳೆಯ ಊರಿನವರು ಇರಲೇಬೇಕೆಂಬ ಷರತ್ತನ್ನೂ ಹಾಕಬೇಕು. ಕೆರೆ ಅವರಿಗೆ ಜೀವನೋಪಾಯ. 1974ರ ಜಲ ಕಾಯ್ದೆಯ 24ನೇ ಕಲಂ ನೀರಿಗೆ ಮಾಲಿನ್ಯ ಬಿಡುವುದನ್ನು ಆಗಲೇ ನಿಷೇಧಿಸಿದೆ. ಕಾನೂನು ಇದೆ, ಅದನ್ನು ಸಕಾಲಕ್ಕೆ ಎಚ್ಚರಿಸುವ ವ್ಯವಸ್ಥೆ ಇಲ್ಲ.

2025ರ ಸೆಪ್ಟೆಂಬರಿನಿಂದ ನಗರ ಐದು ಪಾಲಿಕೆಗಳಾಗಿದೆ. ಮೇಲಿನ ಕೆರೆ ಒಂದು ಪಾಲಿಕೆಯಲ್ಲಿ, ಕೋಡಿ ನೀರು ಸೇರುವ ಕೆರೆ ಮತ್ತೊಂದರಲ್ಲಿ ಇದ್ದರೆ, ಮೇಲೆ ಬೆರೆತ ಕೊಳಚೆಗೆ ಕೆಳಗಿನ ಪಾಲಿಕೆ ಉತ್ತರ ಕೊಡಲಾರದು. ಕೊಳಚೆಯನ್ನು ಬದಿಗಾಲುವೆಯಲ್ಲಿ ತಿರುಗಿಸಿ ಒಂದು ಕೆರೆ ಉಳಿಸಿದಾಗಲೂ ಆ ಕೊಳಚೆ ಕೆಳಗಿನ ಕೆರೆಯನ್ನೇ ಸೇರುತ್ತದೆ. ಒಂದು ಸಾಲಿನ ಎಲ್ಲ ಕೆರೆಗಳ ಗುಂಪುಗಳನ್ನೂ ಆಯಾ ಪಾಲಿಕೆ, ಜಲಮಂಡಳಿ, ಮಾಲಿನ್ಯ ನಿಯಂತ್ರಣ ಮಂಡಳಿಗಳ ಎಂಜಿನಿಯರುಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಕೆಲಸ ಈಗ ಪ್ರಾಧಿಕಾರದಿಂದ ಆಗಬೇಕು. ಅಂಥ ಮೊದಲ ಸಭೆ ಮುಂದಿನ ಮುಂಗಾರಿಗೆ ಮುಂಚೆ, ಬೆಳ್ಳಂದೂರು–ವರ್ತೂರು ಸಾಲಿನಿಂದಲೇ ಆರಂಭವಾಗಲಿ ಎಂಬುದು ವಿನಂತಿ.

ಇತಿ,
ಬೆಂಗಳೂರಿನ ಒಬ್ಬ ನಾಗರಿಕ